ಎರಡು ಕಿಲೋಮೀಟರ್ ಕಾಲುಹಾದಿ, ಏಳು ಮಳೆಗಾಲ

ಹನ್ನೆರಡು ವರ್ಷಕ್ಕೊಮ್ಮೆ ಅರಳುವ ನೀಲಕುರಿಂಜಿಯನ್ನು ನೋಡಲು 2018ರ ಆಗಸ್ಟಿನಲ್ಲಿ ಮುನ್ನಾರಿಗೆ ಹೋಗಬೇಕೆಂದು ನಾನು ಎರಡು ತಿಂಗಳು ಮೊದಲೇ ಟಿಕೆಟು ಮಾಡಿಸಿ ಇಟ್ಟಿದ್ದೆ. ಆ ತಿಂಗಳು ಕೇರಳದಲ್ಲಿ ಮಹಾಪ್ರವಾಹ ಬಂದು, ಘಟ್ಟದ ರಸ್ತೆಗಳು ಕುಸಿದು, ಪ್ರಯಾಣ ನಿಂತುಹೋಯಿತು. ರಜೆ ಹಾಕಿ ಮನೆಯಲ್ಲೇ ಉಳಿದ ಆ ದಿನಗಳಲ್ಲಿ, ಶಿರಸಿ ತಾಲ್ಲೂಕಿನ ನಮ್ಮ ಮನೆಯ ಹಿತ್ತಿಲಿನಿಂದ ಹೊರಟು, ಅಡಿಕೆ ತೋಟದ ಅಂಚು ಹಿಡಿದು, ಸೊಪ್ಪಿನ ಬೆಟ್ಟ ಹತ್ತಿ, ದಟ್ಟ ಕಾಡಾದ ಕಾನಿನೊಳಗೆ ಒಂದು ಹಳ್ಳವನ್ನು ದಾಟಿ, ಕೊನೆಗೆ ಚಿರೆಕಲ್ಲಿನ ಬೋಳು ಹಾಸಿನ ಮೇಲೆ ಮುಗಿಯುವ ಕಾಲುಹಾದಿಯಲ್ಲಿ ನಡೆಯತೊಡಗಿದೆ. ಅದರ ಉದ್ದ ಸುಮಾರು ಎರಡು ಕಿಲೋಮೀಟರ್. ತಪ್ಪಿಸಿಕೊಂಡ ದನ ಹುಡುಕಲು, ಬೇಸಿಗೆಯಲ್ಲಿ ದರಕು (ಉದುರಿದ ಒಣ ಎಲೆ) ತರಲು ಚಿಕ್ಕಂದಿನಿಂದ ಓಡಾಡಿದ ಹಾದಿಯೇ ಆದರೂ, ಗಿಡಗಳನ್ನು ನೋಡುವುದಕ್ಕೆಂದೇ ಅಲ್ಲಿ ನಡೆದದ್ದು ಅದೇ ಮೊದಲು. ಅಂದಿನಿಂದ ಏಳು ಮಳೆಗಾಲ ಕಳೆದಿವೆ, ಊರಲ್ಲಿದ್ದ ಭಾನುವಾರಗಳಲ್ಲಿ ನಾನು ಆ ಹಾದಿಯನ್ನು ತಪ್ಪಿಸಿದ್ದು ಕಡಿಮೆ.

ಹೊಸ ಹೂವು ಬೇಕೆಂದರೆ ಹೊಸ ಕಾಡಿಗೆ ಹೋಗಬೇಕೆಂದು ಮೊದಲು ನಾನೂ ನಂಬಿದ್ದೆ. ಕೊಡಚಾದ್ರಿ, ಕುದುರೆಮುಖ, ಮುಳ್ಳಯ್ಯನಗಿರಿ ಎಂದು ವರ್ಷಕ್ಕೆ ಮೂರು ನಾಲ್ಕು ಸಲ ತಿರುಗಿ, ನೂರಾರು ಹೂವುಗಳ ಚಿತ್ರ ತೆಗೆದುಕೊಂಡು ಬಂದಿದ್ದೇನೆ. ಆದರೆ ಆ ಚಿತ್ರಗಳಲ್ಲಿರುವ ಗಿಡಗಳ ಕಾಯಿ ಹೇಗಿರುತ್ತದೆ, ಬೇಸಿಗೆಯಲ್ಲಿ ಅವು ಎಲ್ಲಿ ಅಡಗಿರುತ್ತವೆ ಎಂಬುದು ನನಗೆ ಇಂದಿಗೂ ಗೊತ್ತಿಲ್ಲ. ಗಿಡದ ಬಾಳಿನಲ್ಲಿ ಹೂವಿನ ಪಾಲು ಬಹಳ ಚಿಕ್ಕದು, ಉಳಿದ ಪಾಲನ್ನು ನೋಡಬೇಕಾದರೆ ಅದೇ ಜಾಗಕ್ಕೆ ಮತ್ತೆ ಮತ್ತೆ ಹೋಗದೆ ಬೇರೆ ದಾರಿಯಿಲ್ಲ.

ಇದನ್ನು ನನಗೆ ಕಲಿಸಿದ್ದು ಒಂದು ನೆಲದ ಸೀತಾಳೆ, ಅಂದರೆ ನೆಲದಲ್ಲಿ ಬೆಳೆಯುವ ಆರ್ಕಿಡ್. 2019ರ ಜೂನ್ ಮೊದಲ ವಾರ, ನಾಲ್ಕೈದು ಒಳ್ಳೆಯ ಮಳೆ ಬಿದ್ದ ಮೇಲೆ, ಸೊಪ್ಪಿನ ಬೆಟ್ಟ ಮುಗಿದು ಕಾನು ಶುರುವಾಗುವಲ್ಲಿ ಕೊಳೆತ ಎಲೆಗಳ ನಡುವೆ ಬೆರಳುದ್ದದ ಬತ್ತಲೆ ದಂಟೊಂದು ಎದ್ದಿತ್ತು. ಅದರ ತುದಿಯಲ್ಲಿ ಒಂದೇ ಒಂದು ಹೂವು ಸ್ವಲ್ಪ ತಲೆ ಬಾಗಿಸಿ ನಿಂತಿತ್ತು. ಹೊರಗಿನ ಎಸಳುಗಳು ಹಸಿರುಗಂದು, ಕಿರಿದಾಗಿ ಚಾಚಿಕೊಂಡಿದ್ದವು, ಒಳಗಿನ ತುಟಿ ಮಾತ್ರ ಬೆಳ್ಳಗಿತ್ತು. ಬುಡದಲ್ಲಿ ಎಷ್ಟು ಹುಡುಕಿದರೂ ಎಲೆ ಕಾಣಲಿಲ್ಲ. ಮುಂದಿನ ಭಾನುವಾರ ಹೋದಾಗ ಹೂವು ಬಾಡಿತ್ತು, ಆದರೆ ದಂಟು ಮೊದಲಿಗಿಂತ ಒಂದೂವರೆ ಪಟ್ಟು ಉದ್ದವಾಗಿತ್ತು. ಬೀಜ ಗಾಳಿಗೆ ಸಿಗಲೆಂದು ಕಾಯಿ ಕಟ್ಟಿದ ಮೇಲೆ ದಂಟು ಹೀಗೆ ಮೇಲಕ್ಕೆ ಬೆಳೆಯುತ್ತದೆಂದು ಆಮೇಲೆ ತಿಳಿಯಿತು. ಅದಾದ ಮೇಲೆ ಅಲ್ಲಿ ಏನೂ ಉಳಿಯಲಿಲ್ಲ. ಜುಲೈ ಕೊನೆಯ ಹೊತ್ತಿಗೆ ಅದೇ ಆಸುಪಾಸಿನಲ್ಲಿ ನೆಲಕ್ಕೆ ಅಂಟಿಕೊಂಡಂತೆ ದುಂಡನೆಯ ಎಲೆಗಳು ಕಾಣಿಸಿಕೊಂಡವು. ಒಂದು ಗಿಡಕ್ಕೆ ಒಂದೇ ಎಲೆ, ಮಡಿಕೆ ಮಡಿಕೆಯಾದ ಮೈ, ಮೇಲೆ ಸಣ್ಣ ರೋಮ. ಅದನ್ನು ಬೇರೊಂದು ಗಿಡವೆಂದು ತಿಳಿದು ನೋಟುಪುಸ್ತಕದ ಬೇರೆ ಪುಟದಲ್ಲಿ ಬರೆದುಕೊಂಡೆ. ಎರಡು ವರ್ಷ ಆ ಎರಡು ಪುಟಗಳು ಬೇರೆಯಾಗಿಯೇ ಇದ್ದವು.

2021ರ ಮಳೆಗಾಲದಲ್ಲಿ ಸೊಪ್ಪು ಕೊಯ್ಯಲು ಬಂದಿದ್ದ ಪಕ್ಕದ ಮನೆಯ ದೊಡ್ಡಾಯಿ ನಾನು ಎಲೆಯ ಮುಂದೆ ಕುಕ್ಕರಗಾಲಿನಲ್ಲಿ ಕುಳಿತಿದ್ದನ್ನು ನೋಡಿ ನಿಂತರು. ಜೂನಿನಲ್ಲಿ ಇಲ್ಲೇ ಎಲ್ಲೋ ಬೇರೊಂದು ಹೂವು ಇತ್ತೆಂದು ನಾನು ಹೇಳಿದ್ದಕ್ಕೆ ಅವರು, “ತಮಾ, ಹೂವು ಹೋದ್ಮೇಲೆ ಬಪ್ಪ ಎಲೆ ಅಲ್ದನಾ ಅದು?” ಎಂದು ಕೇಳಿ, ಹೊರೆ ಹೊತ್ತುಕೊಂಡು ಇಳಿದು ಹೋದರು. ಮುಂದಿನ ಜೂನಿನಲ್ಲಿ ಮೂರು ಹೂವುಗಳ ಪಕ್ಕ, ಬುಡಕ್ಕೆ ತಾಗದಂತೆ ಒಂದು ಗೇಣು ದೂರದಲ್ಲಿ, ಒಂದೊಂದು ಚಿರೆಕಲ್ಲಿನ ಚೂರನ್ನು ಇಟ್ಟು ಬಂದೆ. ಆಗಸ್ಟಿನಲ್ಲಿ ಮೂರು ಕಲ್ಲುಗಳ ಪೈಕಿ ಎರಡರ ಪಕ್ಕದಲ್ಲಿ, ಅಳತೆ ಮಾಡಿದಂತೆ ಅದೇ ಜಾಗದಲ್ಲಿ, ದುಂಡನೆಯ ಎಲೆ ಇತ್ತು. ಅದು ನೆರ್ವಿಲಿಯಾ ಎಂಬ ಕುಲದ ಸೀತಾಳೆ. ಅದರ ಹೂವೂ ಎಲೆಯೂ ಒಟ್ಟಿಗೆ ಇರುವುದಿಲ್ಲ, ಹೂವು ಮುಗಿದ ಮೇಲೆ ಎಲೆ ಬಂದು, ಮಳೆ ಇರುವಷ್ಟು ಕಾಲ ಆಹಾರ ತಯಾರಿಸಿ ನೆಲದೊಳಗಿನ ಗೆಡ್ಡೆಯಲ್ಲಿ ಕೂಡಿಟ್ಟು, ತಾನೂ ಒಣಗಿಹೋಗುತ್ತದೆ. ಪುಸ್ತಕದಲ್ಲಿ ಇದು ಒಂದು ಸಾಲಿನ ವಿಷಯ. ದೊಡ್ಡಾಯಿಗೆ ಪುಸ್ತಕವಿಲ್ಲದೆಯೇ ಗೊತ್ತಿತ್ತು, ಏಕೆಂದರೆ ಅವರು ನಲವತ್ತು ವರ್ಷ ಅದೇ ಬೆಟ್ಟಕ್ಕೆ ಹೋಗಿದ್ದರು.

ಇಲ್ಲಿ ನನ್ನ ಒಂದು ತಪ್ಪನ್ನೂ ಹೇಳಬೇಕು. ಹೆಸರು ತಿಳಿಯುವ ಆತುರದಲ್ಲಿ 2020ರಲ್ಲಿ ಒಂದು ಎಲೆಯನ್ನು ಗೆಡ್ಡೆ ಸಮೇತ ಕಿತ್ತು ತಂದು ಮನೆಯ ಕುಂಡದಲ್ಲಿ ನೆಟ್ಟಿದ್ದೆ. ಹದಿನೈದು ದಿನದಲ್ಲಿ ಅದು ಕೊಳೆಯಿತು. ಸೀತಾಳೆಗಳು ಬೇರಿನ ಸುತ್ತಲಿನ ಶಿಲೀಂಧ್ರಗಳನ್ನು ನಂಬಿ ಬದುಕುತ್ತವೆ, ಆ ಮಣ್ಣಿನಿಂದ ಬೇರ್ಪಡಿಸಿದರೆ ಉಳಿಯುವುದು ಕಷ್ಟ. ಆಮೇಲೆ ನಾನು ಒಂದೇ ಒಂದು ಗಿಡವನ್ನೂ ಕಿತ್ತಿಲ್ಲ. ಮಸೂರಕ್ಕಾಗಿ ಹೂವು ಕೊಯ್ಯುವುದನ್ನೂ ಬಿಟ್ಟಿದ್ದೇನೆ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಕೈಮಸೂರವನ್ನು ಕಣ್ಣಿಗೆ ತಾಗುವಷ್ಟು ಹತ್ತಿರ ಹಿಡಿದು, ನೆಲಕ್ಕೆ ಮೊಣಕೈ ಊರಿ, ತಲೆಯನ್ನೇ ಹೂವಿನ ಕಡೆ ಬಗ್ಗಿಸಿದರೆ ಎಲ್ಲವೂ ಕಾಣುತ್ತದೆ. ರಕ್ತ ಹೀರುವ ಉಂಬಳ ಹತ್ತುವುದಂತೂ ಖಂಡಿತ, ಕಾಲಿಗೆ ಸುಣ್ಣ ಹಾಕಿದ ಹೊಗೆಸೊಪ್ಪನ್ನು ತಿಕ್ಕಿಕೊಂಡರೆ ಸ್ವಲ್ಪ ಕಡಿಮೆಯಾಗುತ್ತದೆ.

ಹಳ್ಳದ ದಂಡೆಯಲ್ಲಿ ಹಾವು ಹೆಡೆಯೆತ್ತಿದಂತೆ ನಿಲ್ಲುವ ಅರಿಸೀಮಾ ಗಿಡಗಳನ್ನು ಮಲೆನಾಡಿನವರು ಒಂದಲ್ಲ ಒಂದು ಸಲ ನೋಡಿಯೇ ಇರುತ್ತಾರೆ. ಹೂವೆಂದು ನಾವು ತಿಳಿಯುವ ಆ ಹೆಡೆ ರೂಪ ಬದಲಿಸಿದ ಒಂದು ಎಲೆ, ನಿಜವಾದ ಹೂವುಗಳು ಅದರೊಳಗಿನ ಕಡ್ಡಿಯ ಬುಡದಲ್ಲಿ ಸಾಸಿವೆಯಷ್ಟು ಚಿಕ್ಕದಾಗಿ ಕೂಡಿಕೊಂಡಿರುತ್ತವೆ. ಹುಲ್ಲುಕಡ್ಡಿಯಿಂದ ಹೆಡೆಯ ಅಂಚನ್ನು ಸ್ವಲ್ಪ ಸರಿಸಿ ನೋಡಿದರೆ ಗಂಡೋ ಹೆಣ್ಣೋ ತಿಳಿಯುತ್ತದೆ. ಗಂಡು ಗಿಡದ ಕೊಳವೆಯ ಬುಡದಲ್ಲಿ ಒಂದು ಸಣ್ಣ ಸಂದು ಇರುತ್ತದೆ, ಒಳಗೆ ಬಿದ್ದ ಸಣ್ಣ ನೊಣಗಳು ಮೈಗೆಲ್ಲ ಪರಾಗ ಮೆತ್ತಿಕೊಂಡು ಅದರಿಂದ ಹೊರಬೀಳುತ್ತವೆ. ಅದೇ ನೊಣ ಹೆಣ್ಣು ಗಿಡಕ್ಕೆ ಹೋದರೆ ಅಲ್ಲಿ ಸಂದು ಇಲ್ಲ, ಪರಾಗವನ್ನು ಒಪ್ಪಿಸಿ ಅಲ್ಲೇ ಸಾಯುತ್ತದೆ. ಅದಕ್ಕಿಂತ ನನ್ನನ್ನು ಹಿಡಿದಿಟ್ಟದ್ದು, ಈ ಕುಲದ ಬಹಳಷ್ಟು ಪ್ರಭೇದಗಳಲ್ಲಿ ಒಂದೇ ಗಿಡ ಚಿಕ್ಕದಿದ್ದಾಗ ಗಂಡಾಗಿದ್ದು, ಗೆಡ್ಡೆ ದಪ್ಪವಾದ ಮೇಲೆ ಹೆಣ್ಣಾಗುತ್ತದೆ ಎಂಬ ಸಂಗತಿ. ಕಾಯಿ ಬಿಟ್ಟು ಗೆಡ್ಡೆ ಸೊರಗಿದರೆ ಮರುವರ್ಷ ಮತ್ತೆ ಗಂಡಾಗಬಹುದು. ಹಳ್ಳದ ಎರಡು ಬದಿಯಲ್ಲಿ ಒಂಬತ್ತು ಗಿಡಗಳ ನಕ್ಷೆ ಬರೆದು ವರ್ಷವರ್ಷವೂ ನೋಡುತ್ತ ಬಂದೆ. 2020ರಲ್ಲಿ ಗಂಡಾಗಿದ್ದ ಸಂಕದ (ಕಾಲುಸೇತುವೆಯ) ಬುಡದ ಗಿಡ 2022ರಲ್ಲಿ ಹೆಣ್ಣಾಗಿ, ಮೆಕ್ಕೆಜೋಳದ ತೆನೆಯಂತೆ ಕೆಂಪು ಹಣ್ಣುಗಳನ್ನು ಹೊತ್ತು ನಿಂತಿತ್ತು. ಅದನ್ನು ಕಂಡ ದಿನ ನಾನು ಮುಂದೆ ನಡೆಯದೆ ಅಲ್ಲಿಂದಲೇ ಮನೆಗೆ ಹಿಂತಿರುಗಿದೆ, ಅಂದು ಇನ್ನೇನನ್ನೂ ನೋಡುವ ಮನಸ್ಸಾಗಲಿಲ್ಲ.

ಹಾದಿಯ ಕೊನೆಯ ಚಿರೆಕಲ್ಲಿನ ಹಾಸು ಬೇಸಿಗೆಯಲ್ಲಿ ಕಾಲಿಡಲಾಗದಷ್ಟು ಕಾಯುತ್ತದೆ. ಆಗಸ್ಟ್, ಸೆಪ್ಟೆಂಬರಿನಲ್ಲಿ ಅದೇ ಕಲ್ಲಿನ ತಗ್ಗುಗಳಲ್ಲಿ ಬೆರಳಿನಷ್ಟು ನೀರು ನಿಂತು, ಯುಟ್ರಿಕ್ಯುಲೇರಿಯಾದ ನೇರಳೆ ಹೂವು, ಎರಿಯೋಕಾಲನ್‌ನ ಬಿಳಿ ಗುಂಡಿ ಹೂವು ಚಾಪೆ ಹಾಸಿದಂತೆ ಹರಡುತ್ತವೆ. ತೆಳುವಾದ ಈ ಮಣ್ಣಿನಲ್ಲಿ ಸಾರಜನಕ ಬಹಳ ಕಡಿಮೆ, ಆದ್ದರಿಂದ ಯುಟ್ರಿಕ್ಯುಲೇರಿಯಾ ಮಣ್ಣಿನೊಳಗೆ ಸಣ್ಣ ಸಣ್ಣ ಚೀಲಗಳನ್ನಿಟ್ಟುಕೊಂಡು, ಸೆಕೆಂಡಿನ ನೂರನೇ ಒಂದು ಭಾಗಕ್ಕಿಂತ ಕಡಿಮೆ ಅವಧಿಯಲ್ಲಿ ನೀರಿನ ಸೂಕ್ಷ್ಮಜೀವಿಗಳನ್ನು ಒಳಗೆ ಎಳೆದುಕೊಳ್ಳುತ್ತದೆ. ಅಲ್ಲೇ ಇರುವ, ಹುಳ ಹಿಡಿದು ತಿನ್ನುವ ಡ್ರೊಸೆರಾವನ್ನು ಹುಡುಕಲು ನಾನು ಒಂದು ಉಪಾಯ ಕಂಡುಕೊಂಡಿದ್ದೇನೆ. ಬಿಸಿಲು ಬಿದ್ದ ದಿನ ಹತ್ತು ಗಂಟೆಯ ಮೇಲೆ ಹೋಗಬೇಕು. ಆಗ ಹುಲ್ಲಿನ ಮೇಲಿನ ಇಬ್ಬನಿಯೆಲ್ಲ ಆರಿರುತ್ತದೆ, ಆರದೆ ಹೊಳೆಯುವ ಹನಿ ಎಲ್ಲಿದೆಯೋ ಅಲ್ಲಿ ಡ್ರೊಸೆರಾ ಇದೆ. ಅದು ನೀರಲ್ಲ, ಎಲೆಯ ಕೆಂಪು ರೋಮಗಳ ತುದಿಯ ಅಂಟು.

ಹೆಸರಿನ ವಿಷಯದಲ್ಲಿ ಅವಸರ ಮಾಡಬಾರದು. ನಮ್ಮ ಕಡೆ ಗೌರಿ ಹಬ್ಬದ ಹೊತ್ತಿಗೆ ಅರಳುವ ಎರಡು ಬೇರೆ ಬೇರೆ ಹೂವುಗಳಿಗೆ ಗೌರಿ ಹೂವು ಎನ್ನುತ್ತಾರೆ. ಒಂದು ಕರ್ಣಕುಂಡಲದ ಜಾತಿ, ಮಾಗಿದ ಕಾಯಿಯನ್ನು ಮುಟ್ಟಿದರೆ ಸಿಡಿದು ಬೀಜ ಎಸೆಯುತ್ತದೆ. ಇನ್ನೊಂದು ಎಲೆಯ ತುದಿಯನ್ನೇ ಸುರುಳಿ ಮಾಡಿಕೊಂಡು ಪೊದೆ ಹತ್ತುವ ಗ್ಲೋರಿಯೋಸಾ. ಅದರ ಹಳದಿ ಎಸಳು ದಿನ ಕಳೆದಂತೆ ಕೆಂಪಾಗುತ್ತದೆ, ಗಿಡದ ಎಲ್ಲ ಭಾಗವೂ ವಿಷ, ಗೆಡ್ಡೆಯಂತೂ ಪ್ರಾಣಕ್ಕೇ ಅಪಾಯ. ಹೀಗಿರುವಾಗ ಊರಿನ ಹೆಸರನ್ನು ಗೌರವದಿಂದ ಬರೆದುಕೊಂಡು, ಅದರ ಪಕ್ಕದಲ್ಲಿ ವೈಜ್ಞಾನಿಕ ಹೆಸರನ್ನೂ ಬರೆಯುವುದು ಅಗತ್ಯ. ಮೊಬೈಲು ತೋರಿಸುವ ಹೆಸರನ್ನು ನಾನು ಸುಳಿವೆಂದು ಮಾತ್ರ ತೆಗೆದುಕೊಳ್ಳುತ್ತೇನೆ. ಇಡೀ ಗಿಡ, ಎಲೆಯ ಎರಡೂ ಮೈ, ಹೂವಿನ ಮುಂಭಾಗ ಮತ್ತು ಪಕ್ಕ, ದಂಟಿನ ಬುಡ, ಸುತ್ತಲಿನ ಜಾಗ ಇಷ್ಟರ ಚಿತ್ರ ತೆಗೆದು, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು, ಮನೆಗೆ ಬಂದು ಸಲ್ಡಾನಾ ಮತ್ತು ನಿಕಲ್ಸನ್ 1976ರಲ್ಲಿ ಹೊರತಂದ ಹಾಸನ ಜಿಲ್ಲೆಯ ಸಸ್ಯಗ್ರಂಥದ ವಿವರಣೆಯೊಂದಿಗೆ ಹೋಲಿಸುತ್ತೇನೆ. ಸಕಲೇಶಪುರದ ಘಟ್ಟದ ಗಿಡಗಳಲ್ಲಿ ಹಲವು ನಮ್ಮಲ್ಲಿಯೂ ಇರುವುದರಿಂದ ಅದು ಬಹಳ ಉಪಯೋಗಕ್ಕೆ ಬಂದಿದೆ. ಆಮೇಲೂ ಅನುಮಾನವಿದ್ದರೆ ಗಿಡ, ಪ್ರಾಣಿಗಳ ಚಿತ್ರ ಹಂಚಿಕೊಳ್ಳುವ ಐನ್ಯಾಚುರಲಿಸ್ಟ್ ಜಾಲತಾಣದಲ್ಲಿ ಹಾಕಿ ಬಲ್ಲವರನ್ನು ಕೇಳುತ್ತೇನೆ. ಸೀತಾಳೆಯಾಗಿದ್ದರೆ ಸ್ಥಳ ನಿಖರವಾಗಿ ಕಾಣದಂತೆ ಮಾಡಿಯೇ ಹಾಕುತ್ತೇನೆ, ಏಕೆಂದರೆ ಜಾಗ ತಿಳಿದರೆ ಕಿತ್ತು ಮಾರುವವರೂ ಇದ್ದಾರೆ.

2024ರ ಜೂನಿನಲ್ಲಿ ನೆರ್ವಿಲಿಯಾದ ಹನ್ನೊಂದು ಹೂವು ಎಣಿಸಿದೆ. ಆಗಸ್ಟಿನಲ್ಲಿ ಅದೇ ಜಾಗದಲ್ಲಿ ನಲವತ್ಮೂರು ಎಲೆಗಳಿದ್ದವು. ಹಾಗಾದರೆ ಹೆಚ್ಚಿನ ಗಿಡಗಳು ಆ ವರ್ಷ ಹೂವು ಬಿಡದೆ ಎಲೆಯನ್ನಷ್ಟೇ ಕಳಿಸಿದ್ದವು. ಈಗ ನನ್ನ ಕಣ್ಣು ಆ ಹನ್ನೊಂದರ ಮೇಲಿದೆ, ಹೂವು ಬಿಟ್ಟ ಗಿಡ ಮರುವರ್ಷವೂ ಹೂವು ಬಿಡುತ್ತದೋ, ಇಲ್ಲವೇ ಗೆಡ್ಡೆ ತುಂಬುವವರೆಗೆ ಎಲೆಯಲ್ಲೇ ವರ್ಷ ಕಳೆಯುತ್ತದೋ ನೋಡಬೇಕು. ಅವುಗಳ ಪಕ್ಕ ಇಟ್ಟ ಹನ್ನೊಂದು ಕಲ್ಲುಗಳಿಗೂ ಸುಣ್ಣದಲ್ಲಿ ಬರೆದ ಅಂಕಿ ಒಂದೇ ಮಳೆಗೆ ತೊಳೆದುಹೋಯಿತು, ಆದ್ದರಿಂದ ಕಳೆದ ಬೇಸಿಗೆಯಲ್ಲಿ ಕುಳಿತು ಉಳಿಯಿಂದ ಒಂದೊಂದರ ಮೇಲೂ ಗೀರು ಕೆತ್ತಿ ಇಟ್ಟು ಬಂದಿದ್ದೇನೆ.