ಬಾಲ್ಕನಿಯ ಕುಂಡದಲ್ಲಿ ಕುಳ್ಳ ಚೆರ್ರಿ ಟೊಮೇಟೊ

ಸೂಪರ್ ಮಾರ್ಕೆಟ್ಟಿನ ಡಬ್ಬಿಯ ಚೆರ್ರಿ ಟೊಮೇಟೊ ಹಿಸುಕಿ ಬೀಜ ಹಾಕಿದರೆ ಗಿಡವೇನೋ ಬರುತ್ತದೆ. ಆದರೆ ಅದು ಸಾಮಾನ್ಯವಾಗಿ ಬಳ್ಳಿಯ ಜಾತಿ. ಆರೇಳು ಅಡಿ ಏರಿ ಬಟ್ಟೆ ಒಣಹಾಕುವ ತಂತಿ ಹಿಡಿಯುತ್ತದೆ, ಬೇರಿಗೆ 20 ಲೀಟರ್ ಮಣ್ಣು ಕೇಳುತ್ತದೆ. ಅವು ಬಹುಪಾಲು ಹೈಬ್ರಿಡ್ (ಎರಡು ತಳಿ ಬೆರೆಸಿ ಪಡೆದವು) ಆದ್ದರಿಂದ ಅದೇ ಹಣ್ಣು ಸಿಗುವ ಖಾತ್ರಿಯೂ ಇಲ್ಲ. ಬಾಲ್ಕನಿಗೆ ಬೇಕಾದದ್ದು ಹುಟ್ಟಿನಿಂದಲೇ ಕುಳ್ಳಾದ ತಳಿ.

ತೀರಾ ಚಿಕ್ಕದು ಮೈಕ್ರೋ ಟಾಮ್. ಫ್ಲಾರಿಡಾ ವಿಶ್ವವಿದ್ಯಾಲಯ 1989ರಲ್ಲಿ ಹೊರತಂದ ಈ ಗಿಡ ಒಂದು ಗೇಣಿಗಿಂತ ಹೆಚ್ಚು ಬೆಳೆಯುವುದಿಲ್ಲ, 6 ಇಂಚಿನ ಕುಂಡ ಸಾಕು. ನೋಡಲು ಚೆಂದ, ರುಚಿ ಅಷ್ಟಕ್ಕಷ್ಟೆ. ತಿನ್ನುವುದಕ್ಕೇ ಬೆಳೆಸುವುದಾದರೆ ಒಂದು ಅಡಿ ಆಸುಪಾಸಿನ ರೆಡ್ ರಾಬಿನ್ ಅಥವಾ ಟೈನಿ ಟಿಮ್ ಒಳ್ಳೆಯದು. ಇವಕ್ಕೆ 8ರಿಂದ 10 ಇಂಚಿನ ಕುಂಡ, ಕುಂಡಕ್ಕೊಂದೇ ಗಿಡ. ತೂಗುಬುಟ್ಟಿಗಾದರೆ ಕೆಳಕ್ಕೆ ಇಳಿಬೀಳುವ ಟಂಬ್ಲರ್.

ದಿಕ್ಕು ನೋಡಿ ಬಿತ್ತನೆ

ದಿನಕ್ಕೆ ಆರು ಗಂಟೆ ನೇರ ಬಿಸಿಲು ಬೇಕು. ನಾಲ್ಕು ಗಂಟೆಯ ಮೂಡಣ ಬಿಸಿಲಿದ್ದರೆ ಕಾಯಿ ಕಡಿಮೆ, ಆದರೂ ಬರುತ್ತದೆ. ಬಾಲ್ಕನಿ ದಕ್ಷಿಣಕ್ಕಿದ್ದರೆ ಬಿಸಿಲು ಧಾರಾಳ ಎಂದು ಏಪ್ರಿಲ್‌ನಲ್ಲಿ ಬಿತ್ತುವವರು ಮೋಸಹೋಗುತ್ತಾರೆ. ಬೆಂಗಳೂರಿನಲ್ಲಿ ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ನಡುಹಗಲಿನ ಸೂರ್ಯ ನೆತ್ತಿಯಿಂದ ಉತ್ತರಕ್ಕೆ ವಾಲಿರುತ್ತಾನೆ. ಆಗ ದಕ್ಷಿಣದ ಬಾಲ್ಕನಿಗೆ ಬೀಳುವುದು ಬೆಳಕು ಮಾತ್ರ. ಅದೇ ಜಾಗಕ್ಕೆ ಅಕ್ಟೋಬರ್‌ನಿಂದ ಫೆಬ್ರವರಿವರೆಗೆ ಬಿಸಿಲು ಒಳಗಿನವರೆಗೂ ಬರುತ್ತದೆ. ಹಾಗಾಗಿ ಸೆಪ್ಟೆಂಬರ್‌ನಲ್ಲಿ ಬೀಜ ಹಾಕಿ. ಮಂಗಳೂರು, ಉಡುಪಿ ಕಡೆ ಮಳೆ ಹಿಂದೆಗೆದ ಮೇಲೆ, ಅಕ್ಟೋಬರ್ ಕೊನೆಗೆ. ಕಲಬುರಗಿ, ಬಳ್ಳಾರಿಯಲ್ಲಿ ಮಾರ್ಚ್ ದಾಟಿದ ಮೇಲೆ ಬೇಡವೇ ಬೇಡ: ಹಗಲು 35 ಡಿಗ್ರಿ ಮೀರಿ ರಾತ್ರಿಯೂ ತಂಪಾಗದಿದ್ದರೆ ಪರಾಗ ಕೆಟ್ಟು ಹೂವು ಉದುರುತ್ತದೆ. ಆಗ ಗೊಬ್ಬರ ಸುರಿದರೂ ಉಪಯೋಗವಿಲ್ಲ.

ಮಣ್ಣು

ಬರೀ ಕೆಂಪುಮಣ್ಣು ಕುಂಡದಲ್ಲಿ ಇಟ್ಟಿಗೆಯಂತೆ ಗಟ್ಟಿಯಾಗುತ್ತದೆ. 10 ಲೀಟರ್ ಮಿಶ್ರಣಕ್ಕೆ 4 ಲೀಟರ್ ಕೋಕೋಪೀಟ್ (ತೆಂಗಿನ ನಾರಿನ ಪುಡಿ), 3 ಲೀಟರ್ ಜರಡಿ ಹಿಡಿದ ಎರೆಗೊಬ್ಬರ, 2 ಲೀಟರ್ ಕೆಂಪುಮಣ್ಣು, 1 ಲೀಟರ್ ಪರ್ಲೈಟ್ (ಹಗುರವಾದ ಬಿಳಿ ಕಲ್ಲಿನ ಹರಳು) ಅಥವಾ ದಪ್ಪ ಮರಳು, ಎರಡು ಹಿಡಿ ಬೇವಿನ ಹಿಂಡಿ. ಕೋಕೋಪೀಟಿನಲ್ಲಿ ಉಪ್ಪಿನಂಶ ಇರುವುದರಿಂದ ಎರಡು ಸಲ ನೀರಲ್ಲಿ ನೆನೆಸಿ ಹಿಂಡಬೇಕು. ಈ ಕೆಲಸ ತಪ್ಪಿಸಿದರೆ ಸಸಿಯ ಎಲೆಯಂಚು ಸುಟ್ಟಂತಾಗುತ್ತದೆ. ಕಳೆದ ಸಲ ಟೊಮೇಟೊ, ಬದನೆ, ಮೆಣಸಿನಕಾಯಿ ಬೆಳೆದ ಮಣ್ಣು ಬೇಡ, ಆ ಹಳೆ ಮಣ್ಣಿನಲ್ಲಿ ಮೆಂತ್ಯ ಬೆಳೆಸಿ.

ಪೇಪರ್ ಕಪ್ಪಿನ ತಳಕ್ಕೆ ತೂತು ಹಾಕಿ, ಅರ್ಧ ಸೆಂಟಿಮೀಟರ್ ಆಳಕ್ಕೆ ಎರಡೆರಡು ಬೀಜ ಊರಿ. ಐದರಿಂದ ಎಂಟು ದಿನಕ್ಕೆ ಮೊಳಕೆ. ಮೊಳೆತ ದಿನದಿಂದಲೇ ಬಿಸಿಲಿಗಿಡಿ, ಇಲ್ಲವಾದರೆ ಕುಳ್ಳ ತಳಿಯೂ ನೂಲಿನಂತೆ ಉದ್ದವಾಗಿ ಬಾಗುತ್ತದೆ. ಬುಡ ಕಪ್ಪಾಗಿ ಸಸಿ ಮಲಗಿದರೆ ನೀರು ಹೆಚ್ಚಾಗಿದೆ ಎಂದರ್ಥ. ಮೊದಲು ಬರುವ ಬೀಜದೆಲೆ ಜೋಡಿ ಬಿಟ್ಟು ನಿಜವಾದ ಎಲೆ ನಾಲ್ಕು ಬಂದ ಮೇಲೆ, ಬೀಜದೆಲೆಗಳ ತನಕ ಕಾಂಡ ಮಣ್ಣೊಳಗೆ ಹೋಗುವಂತೆ ಕುಂಡಕ್ಕೆ ನೆಡಿ. ಹೂತ ಭಾಗದಿಂದಲೂ ಬೇರು ಬರುತ್ತದೆ.

ಚಿವುಟಬೇಡಿ

ಟೊಮೇಟೊ ಎಂದಕೂಡಲೇ ಕಂಕುಳ ಚಿಗುರು (ಎಲೆ ಕಾಂಡಕ್ಕೆ ಸೇರುವ ಮೂಲೆಯಲ್ಲಿ ಹುಟ್ಟುವ ಚಿಗುರು) ಚಿವುಟಲು ಹೇಳುವ ವಿಡಿಯೋಗಳು ಬೇಕಾದಷ್ಟಿವೆ. ಅದು ಬಳ್ಳಿಗೆ ಸರಿ. ಕುಳ್ಳ ಗಿಡದ ತುದಿ ಹೂಗೊಂಚಲಿನಲ್ಲೇ ಮುಗಿಯುತ್ತದೆ, ಮುಂದಿನ ಕಾಯಿ ಬರಬೇಕಾದದ್ದು ಆ ಕಂಕುಳ ಚಿಗುರಿನಿಂದಲೇ. ಚಿವುಟಿದರೆ ಫಸಲನ್ನೇ ಚಿವುಟಿದಂತೆ. ಮಣ್ಣಿಗೆ ತಾಗುವ ಕೆಳಗಿನ ಎಲೆ ಮಾತ್ರ ತೆಗೆಯಿರಿ.

ಇನ್ನೊಂದು ಗಾಬರಿ ಎಲೆಯದು. ಮೈಕ್ರೋ ಟಾಮ್‌ನಂಥ ಗಿಡದ ಎಲೆ ಸಹಜವಾಗಿಯೇ ಕಡುಹಸಿರು, ದಪ್ಪ, ಸುಕ್ಕುಸುಕ್ಕು, ಮುಟ್ಟಿದರೆ ಒರಟು. ಇದನ್ನು ಮುದುಡು ರೋಗವೆಂದು ಕಿತ್ತೆಸೆಯುವವರಿದ್ದಾರೆ. ನಿಜವಾದ ಎಲೆ ಮುದುಡು ನಂಜಿನಲ್ಲಿ (ವೈರಸ್ ರೋಗ) ಹೊಸ ಚಿಗುರು ಹಳದಿಯಾಗಿ, ಅಂಚು ದೊನ್ನೆಯಂತೆ ಮಡಚಿ, ಎಲೆ ದಿನೇ ದಿನೇ ಕಿರಿದಾಗುತ್ತದೆ, ಹೂವು ನಿಲ್ಲುವುದಿಲ್ಲ. ಹರಡುವುದು ಬಿಳಿನೊಣ: ಗಿಡ ಅಲ್ಲಾಡಿಸಿದರೆ ಎಲೆಯಡಿಯಿಂದ ಸೀಮೆಸುಣ್ಣದ ಪುಡಿಯಂತೆ ಏಳುತ್ತದೆ. ನಂಜು ಹತ್ತಿದ ಗಿಡಕ್ಕೆ ಔಷಧವಿಲ್ಲ, ಕಿತ್ತು ಚೀಲದಲ್ಲಿ ಕಟ್ಟಿ ಹೊರಗೆ ಹಾಕಿ. ಉಳಿದವುಗಳ ಬಳಿ ಹಳದಿ ಅಂಟುಹಾಳೆ ತೂಗುಬಿಡಿ. ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣೆ, ಅದು ನೀರಲ್ಲಿ ಬೆರೆಯಲು ಒಂದೆರಡು ಹನಿ ಸೋಪು ದ್ರಾವಣ; ವಾರಕ್ಕೊಮ್ಮೆ, ಬಿಸಿಲು ಇಳಿದ ಮೇಲೆ, ಎಲೆಯ ಅಡಿಭಾಗಕ್ಕೆ ಸಿಂಪಡಿಸಿ. ಮೇಲ್ಭಾಗ ತೊಯ್ದರೆ ಸಾಲದು. ಬೀಡಿ, ಸಿಗರೇಟು ಮುಟ್ಟಿದ ಕೈ ತೊಳೆಯದೆ ಗಿಡ ಮುಟ್ಟಬೇಡಿ: ತಂಬಾಕಿನ ಮೊಸಾಯಿಕ್ ನಂಜು ಟೊಮೇಟೊಗೂ ತಗಲುತ್ತದೆ.

ನೀರು, ಗೊಬ್ಬರ, ಹೂವು

ಬೆರಳನ್ನು ಒಂದು ಇಂಚು ಮಣ್ಣೊಳಗೆ ಇಳಿಸಿ. ಒಣಗಿದ್ದರೆ ಮಾತ್ರ, ತಳದ ತೂತಿನಿಂದ ಹೊರಬರುವಷ್ಟು ನೀರು ಕೊಡಿ. ಚಿಕ್ಕ ಕುಂಡಕ್ಕೆ ಬೇಸಿಗೆಯಲ್ಲಿ ದಿನಕ್ಕೆ ಎರಡು ಸಲ ಬೇಕಾದೀತು. ಎರಡು ದಿನ ಒಣಗಿಸಿ ಮೂರನೇ ದಿನ ತುಂಬಿಸಿದರೆ ಹಣ್ಣು ಬಿರಿಯುತ್ತದೆ. ಕಾಯಿಯ ತಳ ಕಪ್ಪಾಗುವುದಕ್ಕೂ ಬಹಳ ಸಲ ಕಾರಣ ಇದೇ. ನೀರು ಕೊಡುವುದು ತಪ್ಪಿದರೆ ಸುಣ್ಣದಂಶ ಕಾಯಿಗೆ ತಲುಪುವುದಿಲ್ಲ, ಮೊಟ್ಟೆ ಚಿಪ್ಪಿನ ಪುಡಿ ಉದುರಿಸಿದರೆ ಆ ವಾರಕ್ಕೆ ಸಹಾಯವಾಗದು. ಬೋರ್‌ವೆಲ್ ನೀರಿನಿಂದ ಕುಂಡದ ಅಂಚಿಗೆ ಬಿಳಿ ಪೊರೆ ಕಟ್ಟುತ್ತಿದ್ದರೆ ತಿಂಗಳಿಗೊಮ್ಮೆ ಕುಂಡದ ಎರಡರಷ್ಟು ಮಳೆನೀರು ಹಾಯಿಸಿ.

ನೆಟ್ಟು ಎರಡು ವಾರಕ್ಕೆ 19:19:19 ಗೊಬ್ಬರ (ಸಾರಜನಕ, ರಂಜಕ, ಪೊಟ್ಯಾಷ್ ಸಮವಾಗಿರುವುದು), ಲೀಟರಿಗೆ 2 ಗ್ರಾಂ, ವಾರಕ್ಕೊಮ್ಮೆ. ಮೊಗ್ಗು ಕಂಡ ಮೇಲೆ ಪೊಟ್ಯಾಷ್ ಹೆಚ್ಚಿರುವ 13:0:45ಕ್ಕೆ ಬದಲಿಸಿ, ಅದೂ 2 ಗ್ರಾಂ, ಹತ್ತು ದಿನಕ್ಕೊಮ್ಮೆ. ರಾಸಾಯನಿಕ ಬೇಡವೆಂದರೆ ಸೋಸಿದ ಜೀವಾಮೃತ (ಸಗಣಿ, ಗಂಜಲ, ಬೆಲ್ಲ, ಬೇಳೆಹಿಟ್ಟು ಕೊಳೆಸಿದ ದ್ರವ), ಒಂದಕ್ಕೆ ಹತ್ತು ನೀರು. ಗಿಡ ಸೊಂಪಾಗಿದ್ದೂ ಹೂವಿಲ್ಲವೆಂದರೆ ಸಾರಜನಕ ಹೆಚ್ಚಾಗಿದೆ, ಇಲ್ಲವೇ ಬಿಸಿಲು ಸಾಲದು.

ಹೂವು ತನ್ನಷ್ಟಕ್ಕೇ ಕಾಯಿ ಕಟ್ಟಬಲ್ಲುದು, ಆದರೆ ಪರಾಗ ಉದುರಲು ನಡುಕ ಬೇಕು. ಹೊಲದಲ್ಲಿ ಗಾಳಿಯೂ ದುಂಬಿಯೂ ಅದನ್ನು ಮಾಡುತ್ತವೆ. ಗಾಜು ಹಾಕಿದ ಬಾಲ್ಕನಿಯಲ್ಲಿ ಬೆಳಿಗ್ಗೆ ಹತ್ತರ ಸುಮಾರಿಗೆ ಗೊಂಚಲಿನ ತೊಟ್ಟನ್ನು ಬೆರಳಲ್ಲಿ ಎರಡು ಸಲ ಟಪಟಪ ತಟ್ಟಿ.

ಬಿತ್ತಿ ಸುಮಾರು ಮೂರು ತಿಂಗಳಿಗೆ ಹಣ್ಣು. ಕುಳ್ಳ ಗಿಡ ಒಂದೂವರೆ, ಎರಡು ತಿಂಗಳು ಕೊಟ್ಟು ಸುಸ್ತಾಗುತ್ತದೆ, ಅದನ್ನು ಉಳಿಸಿಕೊಳ್ಳಲು ಹೆಣಗಬೇಡಿ. ತಿಂಗಳಿಗೆರಡು ಬೀಜ ಹಾಕುತ್ತಿದ್ದರೆ ಸಾಲು ಕಡಿಯದು. ಮೈಕ್ರೋ ಟಾಮ್, ಟೈನಿ ಟಿಮ್ ಹೈಬ್ರಿಡ್ ಅಲ್ಲ. ಚೆನ್ನಾಗಿ ಕಳಿತ ನಾಲ್ಕು ಹಣ್ಣು ಹಿಸುಕಿ, ಲೋಟದಲ್ಲಿ ಎರಡು ದಿನ ಹುಳಿಬರಿಸಿ, ಲೋಳೆ ತೊಳೆದು, ನೆರಳಲ್ಲಿ ತಟ್ಟೆಯ ಮೇಲೆ ಒಣಗಿಸಿ. ಪೇಪರಿನ ಮೇಲೆ ಒಣಗಿಸಿದರೆ ಅಂಟಿಕೊಳ್ಳುತ್ತದೆ.