ಬೈಪಾಸ್ ಮಾಡಿದ್ದ ಆರ್‌ಸಿಸಿಬಿಗಳು ಮತ್ತೆ ಕೆಲಸಕ್ಕೆ ಬಂದ ಬಗೆ

ನಮ್ಮ ವಸತಿ ಸಮುಚ್ಚಯದಲ್ಲಿ ಸುಮಾರು 40 ಮನೆಗಳಿವೆ. ಅರ್ಧಕ್ಕಿಂತ ಹೆಚ್ಚು ಕಡೆ ಡಿಬಿಯಲ್ಲಿ (ಮನೆಯ ಸ್ವಿಚ್ ಪೆಟ್ಟಿಗೆ) ಆರ್‌ಸಿಸಿಬಿ, ಅಂದರೆ ಹೋದ ಕರೆಂಟ್ ಪೂರ್ತಿ ಮರಳದೆ ಎಲ್ಲೋ ಸೋರಿದರೆ ಸರಬರಾಜು ಕಡಿಯುವ ಸ್ವಿಚ್, ಕೂತಿತ್ತು; ತಂತಿಗಳು ಮಾತ್ರ ಅದನ್ನು ಮುಟ್ಟದೆ ಪಕ್ಕದಿಂದ ಹಾದುಹೋಗಿದ್ದವು. ಪದೇ ಪದೇ ಟ್ರಿಪ್ ಆಗುತ್ತದೆಂದು ಯಾರೋ ಬೈಪಾಸ್ ಮಾಡಿದ್ದರು. “30 ಮಿಲಿಆಂಪಿಯರ್ ಸೋರಿದರೆ ಬೀಳುವಂಥದ್ದು ಹಳೆಯ ವೈರಿಂಗ್‌ನಲ್ಲಿ ನಿಲ್ಲುವುದಿಲ್ಲ, 100ರದ್ದು ಹಾಕಿ ಕೈತೊಳೆದುಕೊಳ್ಳಿ” ಎಂದವರು ನಮ್ಮ ಎಲೆಕ್ಟ್ರಿಷಿಯನ್ ವೃತ್ತಿಯ ಹಿರಿಯರೇ. ಮಳೆಗಾಲ ಕಳೆಯಿತು, 30ರದ್ದೇ ನಿಂತಿದೆ.

ನನ್ನನ್ನು ಕರೆಯುವ ಮೊದಲೇ ಸಂಘದವರು ಕೆಲವು ಮನೆಗಳಿಗೆ ದುಬಾರಿ ಆರ್‌ಸಿಸಿಬಿ ತರಿಸಿ ಹಾಕಿಸಿದ್ದರು. ಅವೂ ಅದೇ ಸಂಜೆ ಟ್ರಿಪ್ ಆಗಿ ಬಿದ್ದವು. ತೆಗೆದಿಟ್ಟ ಬಜೆಟ್‌ನ ಅರ್ಧ ಅಲ್ಲೇ ಮುಗಿದಿತ್ತು. ಹೀಗಾಗಿ ತಂತಿಯ ಸುತ್ತ ಹಿಡಿದು ಸೋರಿಕೆಯನ್ನು ಮಿಲಿಆಂಪಿಯರ್‌ನಲ್ಲಿ ಓದುವ ಲೀಕೇಜ್ ಕ್ಲಾಂಪ್ ಮೀಟರ್ ಕೇಳಿದಾಗ ಯಾರೂ ಬಾಯಿ ಬಿಡಲಿಲ್ಲ. ನನ್ನ ದುಡ್ಡಿನಲ್ಲೇ ಕೊಂಡೆ.

ಫೇಸ್, ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಕ್ಲಾಂಪಿನೊಳಗೆ ಹಿಡಿದು ಒಂದೊಂದೇ ಎಂಸಿಬಿ (ಒಂದೊಂದು ಸರ್ಕ್ಯೂಟಿನ ಸ್ವಿಚ್) ಇಳಿಸುತ್ತಾ ಹೋದೆ. ಹೆಚ್ಚಿನ ಮನೆಗಳಲ್ಲಿ ಕಳ್ಳನೆಂದರೆ ಇನ್ವರ್ಟರ್: ಅದರ ನ್ಯೂಟ್ರಲ್ ಮನೆಯ ನ್ಯೂಟ್ರಲ್ ಜೊತೆ ಎಲ್ಲೋ ಜಂಕ್ಷನ್ ಬಾಕ್ಸಿನಲ್ಲಿ ಸೇರಿಕೊಂಡಿತ್ತು. ಗೋಡೆ ಒಡೆಯದೆ ಆ ಬಾಕ್ಸನ್ನು ಪತ್ತೆ ಹಚ್ಚುವ ದಾರಿ ನನಗೆ ಸಿಕ್ಕಿದೆ. ಅದರಿಂದಲೇ ನನಗೆ ಕೆಲಸ ಬರುತ್ತಿರುವುದರಿಂದ ಸದ್ಯಕ್ಕೆ ಇಲ್ಲಿ ಬರೆಯುವುದಿಲ್ಲ.

ಗೀಸರ್‌ಗಳು ಬೇರೆಯೇ ಕಾಟ ಕೊಟ್ಟವು. ತಣ್ಣಗಿರುವಾಗ 500 ವೋಲ್ಟ್ ಮೆಗ್ಗರ್‌ನಲ್ಲಿ (ಇನ್ಸುಲೇಷನ್ ಪರೀಕ್ಷಿಸುವ ಮೀಟರ್) ಚೊಕ್ಕವಾಗಿ ಪಾಸಾಗುತ್ತಿದ್ದ ಎಲಿಮೆಂಟ್, ಹತ್ತು ನಿಮಿಷ ಬಿಸಿಯಾದ ಮೇಲೆ ನೆಲಕ್ಕೆ ಕರೆಂಟ್ ಸೋರಿಸುತ್ತಿತ್ತು. ಈಗ ಕಾಯಿಸಿಯೇ ಅಳೆಯುತ್ತೇನೆ.

ಉಳಿದ ಕೆಲವು ಮನೆಗಳಲ್ಲಿ ದೋಷವೇ ಇರಲಿಲ್ಲ. ಕಂಪ್ಯೂಟರ್, ವಾಷಿಂಗ್ ಮಷೀನ್, ಎಲ್‌ಇಡಿ ಡ್ರೈವರ್‌ಗಳ ಸಣ್ಣ ಸಣ್ಣ ಲೀಕೇಜ್ ಕೂಡಿ 12–13 ಮಿಲಿಆಂಪಿಯರ್ ಆಗಿತ್ತು. ಇನ್ನಷ್ಟು ಸೇರಿದರೆ ಸಾಕು, 30ರ ಆರ್‌ಸಿಸಿಬಿ 15 ದಾಟಿದ ಮೇಲೆ ಎಲ್ಲಿ ಬೇಕಾದರೂ ಬೀಳಬಹುದು. ಆ ಮನೆಗಳಲ್ಲಿ ಲೋಡನ್ನು ಎರಡು ಆರ್‌ಸಿಸಿಬಿಗಳಿಗೆ ಹಂಚಿದೆ. 30ರವುಗಳನ್ನು ಹಾಗೇ ಉಳಿಸಿ, ಅವಕ್ಕಿಂತ ಮೊದಲು ಮೇನ್ ಕಡೆಗೆ 100 ಮಿಲಿಆಂಪಿಯರ್‌ನ, ತಡವಾಗಿ ಬೀಳುವ ಎಸ್ ಟೈಪ್ ಒಂದನ್ನು ಪ್ರಯೋಗಕ್ಕೆಂದು ಕೂರಿಸಿದೆ. ಚೆನ್ನಾಗಿ ನಡೆಯುತ್ತಿದೆ, ಆದರೆ ಎಲ್ಲ ಮನೆಗೂ ಹಾಕಿಸುವಷ್ಟು ದುಡ್ಡಿಲ್ಲ.

ಇಷ್ಟಾದ ಮೇಲೆ ಕತ್ತಲ ಅಭ್ಯಾಸ. ರಾತ್ರಿ ದೀಪ ಆರಿಸಿ, ಪ್ರತಿ ಮನೆಯಿಂದ ಒಬ್ಬರು ಮೇನ್ ಸ್ವಿಚ್ ಹುಡುಕಿ ಇಳಿಸಬೇಕು. ಶಾಕ್ ಹೊಡೆದವರನ್ನು ಮುಟ್ಟುವ ಮೊದಲು ಮಾಡಬೇಕಾದದ್ದು ಅದೇ ತಾನೇ. ಡಿಬಿಯ ಮುಚ್ಚಳದ ಒಳಗೆ ಕತ್ತಲಲ್ಲಿ ಹೊಳೆಯುವ ಟೇಪ್ ಅಂಟಿಸಿದ್ದು ದಂಡವಾಯಿತು: ಬೆಳಕೇ ಬೀಳದ ಟೇಪ್ ಹೊಳೆಯುವುದೆಲ್ಲಿಂದ! ಹೊರಗೆ ಅಂಟಿಸಿದೆ. ಮೊದಲ ಸಲ ಕೆಲವರಿಗೆ ಎರಡು ಮೂರು ನಿಮಿಷ ಹಿಡಿಯಿತು, ಈಗ ಮಕ್ಕಳು ಅರ್ಧ ನಿಮಿಷದೊಳಗೆ ಇಳಿಸುತ್ತಾರೆ. ಟೆಸ್ಟ್ ಬಟನ್ ಒತ್ತುವ ಕೆಲಸವನ್ನೂ ತಿಂಗಳಿಗೊಮ್ಮೆ ಅವರಿಗೇ ಒಪ್ಪಿಸಿದ್ದೇನೆ.

ಜನರೇಟರ್‌ಗೆ ಇಂಟರ್‌ಲಾಕ್ ಇರುವ (ಮೇನ್, ಜನರೇಟರ್ ಎರಡೂ ಒಟ್ಟಿಗೆ ಸೇರದಂತೆ ತಡೆಯುವ) ಚೇಂಜ್‌ಓವರ್ ಸ್ವಿಚ್ ಇನ್ನೂ ಬಾಕಿ. ಹಣ ಯಾರು ಕೊಡಬೇಕೆಂಬ ಜಗಳ ಸಂಘದಲ್ಲಿ ನಡೆಯುತ್ತಲೇ ಇದೆ.