ಗೋಧಿ ಬಿಟ್ಟವರ ತಟ್ಟೆ, ತೂಕದ ಲೆಕ್ಕ

ಗೋಧಿ ಬಿಟ್ಟರೆ ತೂಕ ತಾನಾಗಿಯೇ ಇಳಿಯುತ್ತದೆ ಎಂದು ತುಂಬಾ ಜನ ನಂಬಿದ್ದಾರೆ. ಹಾಗೇನೂ ಇಲ್ಲ. ಎಷ್ಟೋ ಮನೆಗಳಲ್ಲಿ ಏರುತ್ತದೆ. ಎರಡು ಚಪಾತಿ ಬಿಟ್ಟ ಜಾಗಕ್ಕೆ ಇನ್ನೆರಡು ಸೌಟು ಅನ್ನ ಬಂದು ಕೂರುತ್ತದೆ. ಸಂಜೆ ಬಿಸ್ಕತ್ತು ಬೇಡ ಅಂತ ಚಕ್ಕುಲಿ ಡಬ್ಬಕ್ಕೆ ಕೈ ಹೋಗುತ್ತದೆ. ಮನೆಯ ಚಕ್ಕುಲಿಯಲ್ಲಿ ಗ್ಲುಟೆನ್, ಅಂದರೆ ಗೋಧಿಯಲ್ಲಿರುವ ಅಂಟಿನ ಪ್ರೋಟೀನ್, ಇಲ್ಲ, ಒಪ್ಪಿದೆ. ಎಣ್ಣೆ ಇದೆಯಲ್ಲ?

ನಮ್ಮ ಸೊಸೆಗೆ ಸೀಲಿಯಾಕ್ ಇದೆ. ಈ ಕಾಯಿಲೆ ಇದ್ದವರು ಗೋಧಿ, ಜವೆಗೋಧಿ ತಿಂದರೆ ಸಣ್ಣ ಕರುಳಿನ ಒಳಪದರ ಹಾಳಾಗುತ್ತದೆ, ತಿಂದದ್ದು ಮೈಗೆ ಹತ್ತುವುದಿಲ್ಲ. ಗೋಧಿ ನಿಲ್ಲಿಸಿದ ಮೇಲೆ ಕರುಳು ಚೇತರಿಸಿಕೊಂಡು, ಅದೇ ಊಟ ಚೆನ್ನಾಗಿ ಮೈಗೆ ಹತ್ತುತ್ತದೆ. ಸೊರಗಿ ಕಡ್ಡಿಯಾಗಿದ್ದವರು ಆಗ ತುಂಬಿಕೊಂಡರೆ ಸಂತೋಷಪಡಿ. ತೂಕ ಒಂದು ಹದಕ್ಕೆ ಬಂದ ಮೇಲೂ ಏರುತ್ತಲೇ ಹೋದರೆ ಮಾತ್ರ ತಟ್ಟೆ ನೋಡಿಕೊಳ್ಳಬೇಕು. ಇನ್ನೊಂದು ಮಾತು, ಸೀಲಿಯಾಕ್ ಇರಬಹುದು ಎಂಬ ಅನುಮಾನ ಇದ್ದರೆ ರಕ್ತಪರೀಕ್ಷೆಗೆ ಮೊದಲೇ ಗೋಧಿ ಬಿಡಬೇಡಿ. ಬಿಟ್ಟು ಹೋದರೆ ಕಾಯಿಲೆ ಇದ್ದರೂ ಪರೀಕ್ಷೆಯಲ್ಲಿ ಕಾಣದೆ ಹೋಗಬಹುದು.

ಇನ್ನು ರಾಗಿ. ರಾಗಿ ತಿಂದರೆ ದಪ್ಪ ಆಗೋದಿಲ್ಲ ಅಂತಾರೆ, ಸುಮ್ನೆ ಮಾತು. 100 ಗ್ರಾಂ ರಾಗಿಯಲ್ಲಿ ಸುಮಾರು 320 ಕ್ಯಾಲೊರಿ, ಅಕ್ಕಿಯಲ್ಲಿ 350ರ ಆಸುಪಾಸು. ದೊಡ್ಡ ವ್ಯತ್ಯಾಸವೇನಲ್ಲ. ವ್ಯತ್ಯಾಸ ಇರುವುದು ನಾರಿನಲ್ಲಿ. ಪಾಲಿಶ್ ಮಾಡಿದ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ, ರಾಗಿಯಲ್ಲಿ ಸುಮಾರು 11, ಜೋಳದಲ್ಲಿ 10. ಅದಕ್ಕೇ ಮುದ್ದೆ ತಿಂದವರಿಗೆ ಬೇಗ ಹಸಿವಾಗುವುದಿಲ್ಲ. ಆದರೆ ಗದ್ದೆ ಕೆಲಸ ಮಾಡುವವರ ಮುದ್ದೆಯನ್ನು ಕುರ್ಚಿಯಲ್ಲಿ ಕೂತು ದುಡಿಯುವವರು ತಿಂದರೆ ಹೇಗೆ? ಕಿತ್ತಳೆ ಹಣ್ಣಿನ ಗಾತ್ರದ ಒಂದು ಮುದ್ದೆ, ಜೊತೆಗೆ ಬಟ್ಟಲು ತುಂಬಾ ಬಸ್ಸಾರು, ಸೊಪ್ಪಿನ ಪಲ್ಯ. ಸಾಕು.

ರಾತ್ರಿಗೆ ಜೋಳದ ರೊಟ್ಟಿಯಷ್ಟು ಒಳ್ಳೆಯದು ನನಗೆ ಬೇರೆ ಕಾಣದು. ಅದಕ್ಕೆ ಒಂದು ಹನಿ ಎಣ್ಣೆ ಬೇಡ. ನೀರು ಕುದಿ ಬಂದಾಗ ಹಿಟ್ಟಿಗೆ ಸುರಿದು, ಕೈ ತಾಳುವಷ್ಟು ಬಿಸಿ ಇರುವಾಗಲೇ ಚೆನ್ನಾಗಿ ನಾದಿ. ಬಿಸಿನೀರಿನಲ್ಲೇ ಜೋಳದ ಹಿಟ್ಟಿಗೆ ಅಂಟು ಬರುವುದು, ತಣ್ಣೀರಾದರೆ ಅಂಚು ಬಿರಿಯುತ್ತದೆ. ಬಡಿದು ಹಂಚಿಗೆ ಹಾಕಿದ ಕೂಡಲೇ ಮೇಲ್ಭಾಗಕ್ಕೆ ಒದ್ದೆ ಬಟ್ಟೆಯಿಂದ ನೀರು ಸವರಿ, ಆ ನೀರು ಆರುತ್ತಿದ್ದಂತೆ ತಿರುವಿಹಾಕಿ. ಉಬ್ಬಿ ಬರುತ್ತದೆ.

ಅಕ್ಕಿ ರೊಟ್ಟಿಯದ್ದೇ ತಕರಾರು. ಬಾಣಲೆಗೆ ಎಣ್ಣೆ ಸುರಿದು ತಟ್ಟಿ, ಮಧ್ಯೆ ತೂತು ಮಾಡಿ ಮತ್ತೆ ಎಣ್ಣೆ ಬಿಡುವ ಅಭ್ಯಾಸ ನಮ್ಮದು. ಒಂದು ದೊಡ್ಡ ಚಮಚ ಎಣ್ಣೆಗೇ ಸುಮಾರು 120 ಕ್ಯಾಲೊರಿ. ಬಾಳೆಲೆಯ ಮೇಲೆ ತಟ್ಟಿ ಕಾದ ಹಂಚಿಗೆ ಕವುಚಿ, ಎಲೆ ಬಾಡಿದ ಮೇಲೆ ಎತ್ತಿಬಿಡಿ. ನಾಲ್ಕು ಹನಿ ಎಣ್ಣೆ ಸಾಕಾಗುತ್ತದೆ. ಹಿಟ್ಟಿಗೆ ಸೌತೆಕಾಯಿ ಅಥವಾ ಸೋರೆಕಾಯಿ ತುರಿ ಧಾರಾಳವಾಗಿ ಸೇರಿಸಿ. ರೊಟ್ಟಿ ಮೆತ್ತಗೂ ಇರುತ್ತದೆ, ಹಿಟ್ಟೂ ಕಡಿಮೆ ಹಿಡಿಯುತ್ತದೆ.

ಬೆಳಿಗ್ಗೆಗೆ ಹೆಸರುಕಾಳಿನ ದೋಸೆ ಮಾಡಿ ನೋಡಿ. ರಾತ್ರಿ ನೆನೆಹಾಕಿ, ಶುಂಠಿ, ಹಸಿಮೆಣಸಿನಕಾಯಿ ಹಾಕಿ ರುಬ್ಬಿದರೆ ಆಯಿತು, ಹುದುಗು ಬರಲು ಕಾಯಬೇಕಿಲ್ಲ. ಬೇಳೆಕಾಳು ಹೊಟ್ಟೆ ತುಂಬಿಸುತ್ತದೆ, ಮಧ್ಯಾಹ್ನದವರೆಗೆ ಡಬ್ಬಗಳ ನೆನಪೇ ಬರುವುದಿಲ್ಲ. ಉಪ್ಪಿಟ್ಟು ಬೇಕೆನಿಸಿದರೆ ನವಣೆಯಲ್ಲಿ ಮಾಡಿ, ನವಣೆಯಷ್ಟೇ ತರಕಾರಿ ಹಾಕಿ. ಸಾಬಕ್ಕಿ ಮಾತ್ರ ದಿನಾ ಬೇಡ, ಅದು ಬರೀ ಪಿಷ್ಟ. ಗ್ಲುಟೆನ್ ಇಲ್ಲದ ಬಿಸ್ಕತ್ತು, ಬ್ರೆಡ್ಡು ಅಂತ ಮಾರುತ್ತಾರಲ್ಲ, ಪೊಟ್ಟಣದ ಹಿಂಬದಿ ಓದಿ. ಅಕ್ಕಿ ಹಿಟ್ಟು, ಮೆಕ್ಕೆಜೋಳದ ಪಿಷ್ಟ, ಸಕ್ಕರೆ, ಎಣ್ಣೆ ಇವೇ ಎಷ್ಟೋ ಸಲ ಮೊದಲ ಸಾಲಿನಲ್ಲಿರುತ್ತವೆ. ದುಡ್ಡೂ ಜಾಸ್ತಿ.

ಸೀಲಿಯಾಕ್ ಇದ್ದವರ ಮನೆಯಲ್ಲಿ ಗಿರಣಿಯ ಹಿಟ್ಟಿನ ವಿಚಾರದಲ್ಲಿ ಹುಷಾರು. ಗೋಧಿ ಬೀಸಿದ ಕಲ್ಲಲ್ಲೇ ನಿಮ್ಮ ಜೋಳವನ್ನೂ ಬೀಸುತ್ತಾರೆ. ಕಾಳನ್ನು ಆರಿಸಿ, ತೊಳೆದು ಒಣಗಿಸಿ ಮನೆಯ ಮಿಕ್ಸಿಯಲ್ಲೇ ಪುಡಿ ಮಾಡಿಕೊಳ್ಳುವುದು ಕ್ಷೇಮ. ಡಬ್ಬಿಯ ಇಂಗಿಗೂ ಎಷ್ಟೋ ಸಲ ಗೋಧಿ ಹಿಟ್ಟು ಬೆರೆಸಿರುತ್ತಾರೆ. ಸಾರಿನ ಪುಡಿ ಕೊಳ್ಳುವಾಗಲೂ ಇದನ್ನು ನೋಡಿ.

ತೂಕವನ್ನು ದಿನಾ ನೋಡಿ ತಲೆ ಕೆಡಿಸಿಕೊಳ್ಳಬೇಡಿ. ವಾರಕ್ಕೊಮ್ಮೆ, ಪ್ರತಿ ಸಲವೂ ವಾರದ ಅದೇ ದಿನ, ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನೋಡಿ. ಅಕ್ಕಿಯನ್ನು ಅಂದಾಜಿನಲ್ಲಿ ಹಾಕದೆ ಅಳೆದು ಹಾಕಿ. ಒಬ್ಬರಿಗೆ ಒಂದು ಹೊತ್ತಿಗೆ 50 ಗ್ರಾಂ ಅಕ್ಕಿ, ಬೆಂದ ಮೇಲೆ ಮೂರು ಪಟ್ಟು ಆಗುತ್ತದೆ.

ಮದುವೆ ಮನೆಗೆ ಹೋಗುವ ದಿನ ಮನೆಯಲ್ಲೇ ಒಂದು ಲೋಟ ರಾಗಿ ಅಂಬಲಿ, ಮಜ್ಜಿಗೆ ಹಾಕಿ ಕುಡಿದು ಹೊರಡಿ. ಅಲ್ಲಿ ಒಬ್ಬಟ್ಟಿನ ಕಣಕ ಮೈದಾ ಅಥವಾ ಚಿರೋಟಿ ರವೆಯದ್ದು, ಪಾಯಸ ಶ್ಯಾವಿಗೆಯದ್ದಾಗಿದ್ದರೆ ಅದೂ ಗೋಧಿಯೇ. ಸಾರಿಗೆ ಯಾವ ಇಂಗು ಹಾಕಿದ್ದೀರಿ ಅಂತ ಅಡುಗೆ ಭಟ್ಟರನ್ನು ಕೇಳಲು ಸಂಕೋಚ ಬೇಡ. ಗೊತ್ತಿಲ್ಲ ಅಂದರೆ ಅನ್ನ, ಮೊಸರು, ಬಾಳೆಹಣ್ಣಿಗೆ ಊಟ ಮುಗಿಸಿ ಬನ್ನಿ.